ಮೂರರ ಮಗ್ಗಿ ಸಾಕಿತ್ತು

ಮಗಳು ಇವತ್ತು ಗ್ರಾಫ್ ಶೀಟ್ ಹರಡಿಕೊಂಡು ಕೂತಿದ್ದಳು. ಲೆಕ್ಕ ಇಷ್ಟೇ: ವೈ = (2/3)ಎಕ್ಸ್ − 1, ಇದರ ಗೆರೆ ಎಳೆಯಬೇಕು.

ಎಕ್ಸ್‌ಗೆ 1 ಹಾಕಿದಳು. ವೈ ಬಂದಿದ್ದು −1/3.

ಈ ಮೂರನೇ ಒಂದು ಭಾಗವನ್ನು ಗುರುತಿಸೋದು ಎಲ್ಲಿ? ಶೀಟಿನಲ್ಲಿ ಒಂದು ಸೆಂಟಿಮೀಟರ್‌ಗೆ ಹತ್ತು ಸಣ್ಣ ಮನೆ. ಹತ್ತನ್ನು ಮೂರು ಪಾಲು ಮಾಡಿದರೆ ಯಾವಾಗಲೂ ಚಿಲ್ಲರೆ ಉಳಿಯುತ್ತೆ. ಪೆನ್ಸಿಲ್ ಮೊನೆ ಮೂರನೇ ಗೆರೆ ದಾಟಿ, ನಾಲ್ಕನೆಯದು ಮುಟ್ಟದೆ, ಮಧ್ಯದಲ್ಲೇ ಅನುಮಾನಿಸುತ್ತಾ ನಿಂತಿತ್ತು.

"ಛೇದ ಮೂರು ಅಲ್ವಾ? ಎಕ್ಸ್‌ಗೆ ಮೂರರ ಮಗ್ಗಿಯಿಂದಲೇ ತಗೋ" ಅಂದೆ.

−3, 0, 3, 6 ತಗೊಂಡಳು. ವೈ −3, −1, 1, 3. ಒಂದೂ ಭಿನ್ನರಾಶಿ ಇಲ್ಲ! ಚುಕ್ಕಿಗಳೆಲ್ಲ ಗೆರೆ ಗೆರೆ ಕೂಡುವ ಜಾಗದಲ್ಲೇ ಕೂತವು. ಬಲಕ್ಕೆ ಮೂರು, ಮೇಲಕ್ಕೆ ಎರಡು. ಸ್ಲೋಪ್, ಅಂದರೆ ಗೆರೆಯ ಇಳಿಜಾರು, ಇದೇ, ಕಣ್ಣಿಗೇ ಕಾಣಿಸುತ್ತೆ.

ಗೆರೆ ಎಳೆಯೋಕೆ ಎರಡು ಚುಕ್ಕಿ ಸಾಕು. ಮೂರನೆಯದು ಸಾಕ್ಷಿಗೆ. ಅದು ಗೆರೆ ಮೇಲೆ ಬೀಳಲಿಲ್ಲ ಅಂದರೆ ಎಲ್ಲೋ ಲೆಕ್ಕ ತಪ್ಪಿದೆ ಅಂತಲೇ.

ಎಕ್ಸ್‌ಗೆ ಯಾವ ಬೆಲೆ ಬೇಕಾದರೂ ಕೊಡಬಹುದು, ಆಯ್ಕೆ ಪೂರ್ತಿ ನಮ್ಮದು. ಆದರೂ ಎಕ್ಸ್-ವೈ ಬೆಲೆಗಳ ಟೇಬಲ್ ಹಾಕಿದ ಕೂಡಲೇ ಎಲ್ಲರ ಕೈ 1, 2, 3 ಅಂತಲೇ ಬರೆಯುತ್ತೆ. ಯಾಕೋ!

ಅಷ್ಟರಲ್ಲಿ ಅವಳದೇ ಪ್ರಶ್ನೆ: "ಕೊನೆಯಲ್ಲಿ −1 ಬದಲು +1/3 ಇದ್ದರೆ?"

ಆಗ ಮೂರರ ಮಗ್ಗಿ ಕೆಲಸಕ್ಕೆ ಬರಲ್ಲ. 0 ಹಾಕಿದರೂ 1/3, 3 ಹಾಕಿದರೂ ಚಿಲ್ಲರೆ. ಅಲ್ಲಿ 1 ಹಾಕಬೇಕು, ವೈ ಸರಿಯಾಗಿ 1 ಬರುತ್ತೆ. ಆಮೇಲೆ ಮೂರು ಮೂರೇ ಜಿಗಿದು 4, 7.