ಹಿಂದಿನ ಸೀಟಿನವರ ಲೆಕ್ಕ

ನಮ್ಮ ಕಡೆಯ ಮನೆಗಳಲ್ಲಿ ಕಾರನ್ನು ಆರಿಸುವವರು ಅದನ್ನು ಓಡಿಸುವವರು. ಆದರೆ ಮನೆಯ ಹೆಚ್ಚಿನ ಮಂದಿ ಕುಳಿತುಕೊಳ್ಳುವುದು ಹಿಂದಿನ ಸೀಟಿನಲ್ಲಿ. ವಿಜಯಪುರದಿಂದ ಬಾದಾಮಿಯ ಬನಶಂಕರಿಗೋ, ಕೂಡಲಸಂಗಮಕ್ಕೋ, ತುಳಜಾಪುರಕ್ಕೋ ಹೊರಟರೆ, ಇಲ್ಲವೇ ಆಸ್ಪತ್ರೆಯ ಕೆಲಸಕ್ಕೆಂದು ಸುಮಾರು ನೂರು ಕಿಲೋಮೀಟರ್ ದೂರದ ಸೊಲ್ಲಾಪುರಕ್ಕೆ ಹೋದರೆ, ಹಿಂದೆ ಮೊಣಕಾಲು ನೋವಿನ ಹಿರಿಯರೊಬ್ಬರು, ರೊಟ್ಟಿ ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡವರೊಬ್ಬರು, ಕಿಟಕಿಗಾಗಿ ಜಗಳವಾಡುವ ಮಕ್ಕಳು ಇದ್ದೇ ಇರುತ್ತಾರೆ. ಹೀಗಿದ್ದೂ ಶೋರೂಮಿನ ಮಾತುಕತೆ ಮೈಲೇಜು, ಟಚ್‌ಸ್ಕ್ರೀನು, ಸನ್‌ರೂಫು ಇವುಗಳನ್ನು ದಾಟಿ ಹಿಂದಿನ ಬಾಗಿಲಿನವರೆಗೆ ಬರುವುದೇ ಅಪರೂಪ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನವರು ನೆತ್ತಿಯ ಮೇಲೆ ಗಾಜು ಬೇಕೆಂದು ಹೆಚ್ಚಿಗೆ ಹಣ ಕೊಡುವುದು ನನಗಂತೂ ಈವರೆಗೆ ಅರ್ಥವಾಗಿಲ್ಲ.

ಹಿಂದಿನ ಸೀಟಿನ ಪರೀಕ್ಷೆ ಕುಳಿತ ಮೇಲಲ್ಲ, ಹತ್ತುವಾಗಲೇ ಶುರುವಾಗುತ್ತದೆ. ನಮ್ಮ ಅತ್ತೆಯವರು ಕಾರು ಹತ್ತುವ ಬಗೆಯನ್ನು ನಾನು ಬಹಳ ಸಲ ಗಮನಿಸಿದ್ದೇನೆ. ಅವರು ಮೊದಲು ಸೀಟಿಗೆ ಬೆನ್ನು ಮಾಡಿ ನಿಂತು ಅದರ ಅಂಚಿನ ಮೇಲೆ ಕುಳಿತುಕೊಳ್ಳುತ್ತಾರೆ. ಬಳಿಕ ಬಾಗಿಲ ಮೇಲ್ಗಡೆಯ ಹಿಡಿಕೆಯನ್ನು ಹಿಡಿದು ಮೈಯನ್ನು ಒಳಕ್ಕೆ ತಿರುಗಿಸುತ್ತಾರೆ. ಕೊನೆಗೆ ಇಳಕಲ್ ಸೀರೆಯ ನೆರಿಗೆಯನ್ನು ಒಂದು ಕೈಯಿಂದ ಎತ್ತಿ ಹಿಡಿದು ಕಾಲುಗಳನ್ನು ಒಂದೊಂದಾಗಿ ಒಳಗೆ ಎಳೆದುಕೊಳ್ಳುತ್ತಾರೆ. ಸೀಟು ತೀರ ತಗ್ಗಿನಲ್ಲಿದ್ದರೆ ಕುಳಿತುಕೊಳ್ಳುವುದು ಬೀಳುವಂತಾಗುತ್ತದೆ, ತೀರ ಎತ್ತರದಲ್ಲಿದ್ದರೆ ಏರುವುದೇ ಸಾಹಸವಾಗುತ್ತದೆ. ಸೊಂಟದ ಮಟ್ಟಕ್ಕೆ ಹತ್ತಿರವಿರುವ ಸೀಟು ಹಿರಿಯರಿಗೆ ಹಿತ. ವ್ಯಾಗನ್ ಆರ್‌ನಂತಹ ಎತ್ತರದ ಸಣ್ಣ ಕಾರನ್ನು ವಯಸ್ಸಾದವರಿರುವ ಮನೆಯವರು ಮೆಚ್ಚುವುದಕ್ಕೆ ಇದೂ ಒಂದು ಕಾರಣ. ಹಿಡಿಕೆಯಂತೂ ತಯಾರಕರಿಗೆ ಅತ್ಯಂತ ಅಗ್ಗದ ಭಾಗ, ಆದರೂ ಕೆಲವು ಕಾರುಗಳ ಕಡಿಮೆ ಬೆಲೆಯ ಮಾದರಿಗಳಲ್ಲಿ ಅದನ್ನೇ ಕೈಬಿಟ್ಟಿರುತ್ತಾರೆ. ಹಿಡಿಕೆ ಇಲ್ಲದ ಕಡೆ ಹಿರಿಯರು ಮುಂದಿನ ಸೀಟಿನ ಹೆಡ್‌ರೆಸ್ಟನ್ನೋ ತೆರೆದ ಬಾಗಿಲನ್ನೋ ಹಿಡಿಯುತ್ತಾರೆ, ಬಾಗಿಲು ಅಲ್ಲಾಡಿದರೆ ಅವರೂ ಅಲ್ಲಾಡುತ್ತಾರೆ.

ಬಾಗಿಲು ಎಷ್ಟು ಅಗಲವಾಗಿ ತೆರೆಯುತ್ತದೆ ಎಂಬುದೂ ಮುಖ್ಯ. ಟಾಟಾ ಆಲ್ಟ್ರೋಜ್ ಮತ್ತು ಪಂಚ್ ಕಾರುಗಳ ಬಾಗಿಲುಗಳು 90 ಡಿಗ್ರಿಯಷ್ಟು ತೆರೆಯುತ್ತವೆ. ಕಾಲು ಮಡಚಲಾಗದವರಿಗೆ ಇದು ನಿಜವಾದ ಉಪಕಾರ. ಆದರೆ ಮಾರುಕಟ್ಟೆಯ ಇಕ್ಕಟ್ಟಿನಲ್ಲಿ, ಪಕ್ಕದಲ್ಲಿ ಇನ್ನೊಂದು ಗಾಡಿ ನಿಂತಿರುವಾಗ, ಅಷ್ಟು ತೆರೆಯುವ ಅವಕಾಶವೇ ಇರುವುದಿಲ್ಲ. ಅಲ್ಲಿ ಬಾಗಿಲು ಅರ್ಧಕ್ಕೆ ತಾನಾಗಿ ನಿಲ್ಲುವ ತಡೆ ಗಟ್ಟಿಯಾಗಿದೆಯೇ ಎಂಬುದನ್ನೇ ನೋಡಬೇಕು. ಯಾರೂ ಗಮನಿಸದ ಇನ್ನೊಂದು ಅಂಶವಿದೆ. ಕೆಲವು ಕಾರುಗಳಲ್ಲಿ ಬಾಗಿಲಿನ ಕೆಳಭಾಗ ಹೊಸ್ತಿಲಿನಂತಿರುವ ಕಬ್ಬಿಣದ ಅಂಚನ್ನು ಪೂರ್ತಿ ಮುಚ್ಚುವಂತೆ ಕೆಳಗಿನವರೆಗೂ ಇಳಿದಿರುತ್ತದೆ, ಇನ್ನು ಕೆಲವುಗಳಲ್ಲಿ ಆ ಅಂಚು ಹೊರಗೇ ಉಳಿದಿರುತ್ತದೆ. ಮಳೆಗಾಲದಲ್ಲಿ ಹೊಲದ ದಾರಿ ತುಳಿದು ಬಂದ ಕಾರಿನ ಅಂಚಿಗೆ ಎರೆಮಣ್ಣು ಅಂಟಿಕೊಂಡಿರುವಾಗ ಈ ವ್ಯತ್ಯಾಸ ಏನೆಂಬುದನ್ನು ಸೀರೆ, ಧೋತರ ಉಟ್ಟವರು ಹೇಳಬಲ್ಲರು.

ನಮ್ಮ ಬಿಸಿಲಿಗೆ ಹಿಂದಿನ ಏಸಿ ಕಿಂಡಿ ಐಷಾರಾಮವಲ್ಲ. ಡ್ಯಾಶ್‌ಬೋರ್ಡಿನಿಂದ ಹೊರಡುವ ತಂಪು ಗಾಳಿಯನ್ನು ಮುಂದಿನ ಎರಡು ಸೀಟುಗಳ ಬೆನ್ನುಗಳೇ ತಡೆಯುವುದರಿಂದ, ಮುಂದಿದ್ದವರು ಚಳಿ ಎಂದು ಫ್ಯಾನಿನ ವೇಗ ತಗ್ಗಿಸುವ ಹೊತ್ತಿಗೆ ಹಿಂದಿದ್ದವರು ಇನ್ನೂ ಬೆವರು ಒರೆಸಿಕೊಳ್ಳುತ್ತಿರುತ್ತಾರೆ. 2013ರಲ್ಲಿ ಬಂದ ಹುಂಡೈ ಗ್ರ್ಯಾಂಡ್ ಐ10 ಸಣ್ಣ ಕಾರಿನಲ್ಲೂ ಹಿಂದೆ ಕಿಂಡಿ ಕೊಡಬಹುದೆಂದು ತೋರಿಸಿತು, ಈಗ ಅದು ಬಹಳಷ್ಟು ಕಾರುಗಳಲ್ಲಿದೆ. ಆದರೆ ಎಲ್ಲ ಕಿಂಡಿಗಳೂ ಒಂದೇ ಅಲ್ಲ. ಎರಡು ಸೀಟುಗಳ ನಡುವಿನ ಡಬ್ಬಿಯ ಹಿಂಬದಿಯಲ್ಲಿರುವ ಕಿಂಡಿಗೆ ಸಾಮಾನ್ಯವಾಗಿ ಮುಂದಿನ ಅದೇ ಫ್ಯಾನಿನ ಗಾಳಿಯೇ ಕೊಳವೆಯಲ್ಲಿ ಹರಿದು ಬರಬೇಕು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದು ತಂಪಾಗಲು ಹೊತ್ತು ಹಿಡಿಯುತ್ತದೆ, ಬಂದ ಗಾಳಿಯೂ ಮುಖಕ್ಕಿಂತ ಮೊಣಕಾಲಿಗೇ ಹೆಚ್ಚು ತಗಲುತ್ತದೆ. 2025ರವರೆಗಿನ ಎರ್ಟಿಗಾದಲ್ಲಿ ಚಾವಣಿಗೇ ಕಿಂಡಿಗಳನ್ನು ಕೂಡಿಸಿ, ಫ್ಯಾನಿನ ವೇಗ ಬದಲಿಸುವ ಗುಂಡಿಯನ್ನೂ ಹಿಂದಿನವರ ಕೈಗೇ ಕೊಟ್ಟಿದ್ದರು. ರೆನೋ ಟ್ರೈಬರ್‌ನಲ್ಲಿ ಎರಡನೇ ಸಾಲಿನವರಿಗೆ ಗಾಳಿ ಬಾಗಿಲುಗಳ ನಡುವಿನ ಕಂಬದಿಂದ ಬರುತ್ತದೆ. ಮುಖದ ಮಟ್ಟದಲ್ಲಿ ಗಾಳಿ ಬೀಸುವ ಈ ಎರಡು ಏರ್ಪಾಡುಗಳೇ ನನಗೆ ಹೆಚ್ಚು ಸರಿ ಎನಿಸುತ್ತವೆ.

ಏಸಿಯ ಹೊರೆಯನ್ನು ಕಡಿಮೆ ಮಾಡುವ ಸರಳ ಉಪಾಯ ಕಿಟಕಿಯ ಪರದೆ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟು 2012ರ ಏಪ್ರಿಲ್‌ನಲ್ಲಿ ನಿಷೇಧಿಸಿತು. ಆ ಬಳಿಕ ಹಿಂದಿನ ಬಾಗಿಲಿನೊಳಗಿನಿಂದ ಮೇಲಕ್ಕೆಳೆದು ಕೊಕ್ಕೆಗೆ ಸಿಕ್ಕಿಸುವ ಜಾಲರಿ ಪರದೆಯನ್ನು ಕ್ರೆಟಾದಂತಹ ಕೆಲವು ಕಾರುಗಳಲ್ಲಿ ಕಂಪನಿಯೇ ಕೊಡತೊಡಗಿದ್ದು ಮೆಚ್ಚತಕ್ಕ ಸಂಗತಿ. ಮಧ್ಯಾಹ್ನದ ಮೇಲೆ ಸೊಲ್ಲಾಪುರದ ಕಡೆಗೆ ಹೊರಟರೆ ಪಡುವಣ ಬಿಸಿಲು ಎಡಗಡೆ ಕುಳಿತವರ ಮೇಲೇ ಬೀಳುತ್ತದೆ; ಮಗು ಮಲಗಿದ್ದರಂತೂ ಆ ಪರದೆಗೆ ಬೆಲೆ ಕಟ್ಟಲಾಗದು.

ಐದು ಜನರ ಕಾರಿನಲ್ಲಿ ಐದನೆಯವರ ಪಾಡನ್ನು ಇನ್ನು ಹೇಳಬೇಕು. ಮುಂದಿನ ಚಕ್ರಗಳಿಂದಲೇ ಎಳೆಯಲ್ಪಡುವ ಕಾರಿನಲ್ಲಿ ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಶಾಫ್ಟ್ ಇರುವುದಿಲ್ಲವಾದರೂ, ಹೊಗೆ ಕೊಳವೆಗೆ ಜಾಗ ಬೇಕು, ತಳ ಗಟ್ಟಿಯಾಗಿರಬೇಕು ಎಂಬ ಕಾರಣಕ್ಕೆ ನಡುವೆ ಒಂದು ಉಬ್ಬು ಉಳಿದಿರುತ್ತದೆ. ನಡುವೆ ಕುಳಿತವರು ಅದರ ಎರಡೂ ಬದಿಗೆ ಕಾಲು ಹಾಕಬೇಕು, ಎದುರಿಗೆ ಏಸಿ ಕಿಂಡಿಯ ಡಬ್ಬಿ, ಬೆನ್ನಿಗೆ ಮಡಚಿದ ಆರ್ಮ್‌ರೆಸ್ಟಿನ ಗಟ್ಟಿ ಭಾಗ. ಇಬ್ಬರೇ ಇದ್ದಾಗ ಅಷ್ಟು ಸುಖ ಕೊಡುವ ಆರ್ಮ್‌ರೆಸ್ಟು ಮೂರನೆಯವರು ಬಂದೊಡನೆ ಅವರ ಬೆನ್ನಿಗೆ ಶತ್ರುವಾಗುತ್ತದೆ. ಸಾಮಾನ್ಯವಾಗಿ ಈ ಜಾಗ ಮನೆಯ ಸೊಸೆಗೋ ದೊಡ್ಡ ಮಗುವಿಗೋ ಮೀಸಲು, ಅವರು ದೂರುವುದಿಲ್ಲವೆಂಬ ಧೈರ್ಯದಿಂದ. ಆ ನಡುವಿನ ಜಾಗಕ್ಕೂ ಹೆಡ್‌ರೆಸ್ಟು ಇದೆಯೇ, ಬೆಲ್ಟು ಹೊಟ್ಟೆಗೆ ಮಾತ್ರವೋ ಭುಜದ ಮೇಲೂ ಬರುತ್ತದೆಯೋ ಎಂದು ಕೇಳಿಯೇ ಕೊಳ್ಳಬೇಕು.

ಬೆಲ್ಟಿನ ವಿಷಯದಲ್ಲಿ ನನ್ನದೊಂದು ತಕರಾರಿದೆ. ಹಿಂದಿನವರೂ ಬೆಲ್ಟು ಹಾಕಬೇಕೆಂಬ ನಿಯಮವಿದೆ, ಹಾಕದಿದ್ದರೆ ಸಾವಿರ ರೂಪಾಯಿ ದಂಡವೂ ಇದೆ. ಆದರೆ ಹೊಸ ಕಾರು ಮನೆಗೆ ಬಂದ ವಾರದಲ್ಲೇ ಸೀಟ್ ಕವರ್ ಹಾಕಿಸುವ ನಮ್ಮ ರೂಢಿಯಿಂದ ಬೆಲ್ಟಿನ ಕೊಂಡಿಗಳು ರೆಕ್ಸಿನಿನ ಅಡಿಗೆ ಹೂತುಹೋಗುತ್ತವೆ. ಆಮೇಲೆ ಹಿರಿಯರು ಸೀಟಿನ ಸಂದಿಯಲ್ಲಿ ಬೆರಳು ತೂರಿಸಿ ಹುಡುಕಿ, ಸಿಗದೆ, “ಇರ್ಲಿ ಬಿಡೋ ತಮ್ಮಾ, ಹಿಂದ ಕುಂತವ್ರಿಗೆ ಏನಾಗ್ತದ” ಎನ್ನುತ್ತಾರೆ. ಮಕ್ಕಳ ಸೀಟನ್ನು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳೂ ಹೀಗೆಯೇ ಮುಚ್ಚಿಹೋಗುತ್ತವೆ. ಕವರ್ ಹೊಲಿಸುವವರು ಆ ಜಾಗಗಳನ್ನು ಕತ್ತರಿಸಿ ಅಂಚು ಕಟ್ಟಿಕೊಡಿ ಎಂದು ಮೊದಲೇ ಹೇಳಿ, ಅಂಗಡಿ ಬಿಡುವ ಮುಂಚೆ ಮೂರೂ ಬೆಲ್ಟುಗಳನ್ನು ಹಾಕಿ ನೋಡುವುದು ಒಳ್ಳೆಯದು.

ಉಳಿದವು ಚಿಕ್ಕವು. ಬಾಗಿಲಿನ ಗೂಡಿನಲ್ಲಿ ಒಂದು ಲೀಟರಿನ ಬಾಟಲಿ ನೆಟ್ಟಗೆ ನಿಲ್ಲಬೇಕು. ಚಾರ್ಜಿಂಗ್ ಕಿಂಡಿ ಒಂದಾದರೂ ಬೇಕು, ಮುಂದಿನ ಸೀಟನ್ನು ಹಿಂದಿನಿಂದಲೇ ಸರಿಸುವ ‘ಬಾಸ್ ಮೋಡ್’ ಚಾಲಕರನ್ನಿಟ್ಟುಕೊಂಡವರಿಗೆ ಇರಲಿ. ಹಿಂದಿನ ಬೆನ್ನು 60:40ರಂತೆ ಬೇರೆಬೇರೆಯಾಗಿ ಮಡಚುವಂತಿದ್ದರೆ ಊರಿಂದ ಜೋಳದ ಚೀಲ ತರುವ ದಿನವೂ ಒಬ್ಬಿಬ್ಬರು ಹಿಂದೆ ಕುಳಿತುಕೊಳ್ಳಬಹುದು. ಕೊಳ್ಳುವಾಗ ತೊಡಕೆಂದರೆ, ಟೆಸ್ಟ್ ಡ್ರೈವಿಗೆ ಬರುವ ಗಾಡಿ ಬಹುತೇಕ ಮೇಲ್ದರ್ಜೆಯದಾಗಿರುತ್ತದೆ, ನಾವು ಬುಕ್ ಮಾಡುವುದು ನಡುವಿನದನ್ನು. ಹಿಂದಿನ ಕಿಂಡಿ, ನಡುವಿನ ಹೆಡ್‌ರೆಸ್ಟು, ಪರದೆ ಇವೆಲ್ಲ ಆ ಎರಡರ ನಡುವೆಯೇ ಮಾಯವಾಗುತ್ತವೆ. ಆದ್ದರಿಂದ ಬ್ರೋಷರಿನ ಕೊನೆಯ ಪುಟದ ಪಟ್ಟಿಯಲ್ಲಿ ನಮ್ಮ ಮಾದರಿಯ ಸಾಲನ್ನೇ ಓದಿ, ಸಾಧ್ಯವಾದರೆ ಅದೇ ಮಾದರಿಯ ಗಾಡಿಯನ್ನು ಸ್ಟಾಕ್‌ಯಾರ್ಡಿನಲ್ಲಿ ನೋಡಿ, ಜೊತೆಗೆ ಮನೆಯ ಹಿರಿಯರನ್ನೂ ಕರೆದೊಯ್ದು ಹಿಂದೆ ಕೂಡಿಸಿ, ಆಮೇಲೆ ಮುಂಗಡ ಕೊಡಬೇಕು.