ಬಿಪಿ ಮಾತ್ರೆ ಒಂದು

ಅಪ್ಪ ಜಗುಲಿಯಿಂದ ಏಳಲಾಗದೆ ಕಂಬ ಹಿಡಿದು ಕೂತಿದ್ದಾರೆ ಎಂದು ಅವ್ವ ಫೋನ್ ಮಾಡಿದಾಗ ನಾನು ಮೈಸೂರಿನ ಮನೆಯಲ್ಲಿ ಮಗಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದೆ. ಕಬ್ಬು ಕಡಿಯುವ ಕಾಲ. ಬೇಡವೆಂದರೂ ಆಳುಗಳ ಜೊತೆ ತಾವೂ ಕತ್ತಿ ಹಿಡಿದಿರುತ್ತಾರೆ, ಬಿಸಿನೀರು ಕಾಸಿ ಕೊಡು ಎಂದು ಹೇಳಿ ಫೋನ್ ಇಟ್ಟೆ. ಮರುದಿನ ಅವ್ವ ದನಿ ತಗ್ಗಿಸಿ ಹೇಳಿದಳು: "ಎರಡು ದಿನದಿಂದ ಉಚ್ಚೆ ಹಾಲು ಹಾಕದ ಟೀ ಬಣ್ಣಕ್ಕೆ ಬರುತ್ತಿದೆಯಂತೆ. ನಿನಗೆ ಹೇಳಬೇಡ ಎಂದಿದ್ದರು."

ಮಂಡ್ಯದ ಪಕ್ಕದ ನಮ್ಮ ಹಳ್ಳಿಯಿಂದ ನನ್ನ ತಮ್ಮ ಅಪ್ಪನನ್ನು ಕಾರಿನಲ್ಲಿ ಮೈಸೂರಿಗೆ ಕರೆತಂದ. ಇಳಿಸಲು ಇಬ್ಬರು ಬೇಕಾದರು. ತೊಡೆ ಮುಟ್ಟಿದರೆ ಅಪ್ಪನ ಮುಖ ಹಿಂಡಿದಂತಾಗುತ್ತಿತ್ತು.

ತುರ್ತು ಚಿಕಿತ್ಸೆಯ ಕೋಣೆಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ನುಂಗುವ ಮಾತ್ರೆಗಳನ್ನೆಲ್ಲ ತೋರಿಸಿ ಎಂದರು. ಅವ್ವ ಬಟ್ಟೆ ಚೀಲವನ್ನು ಹಾಸಿಗೆಯ ಮೇಲೆ ಸುರಿದಳು. ಔಷಧ ಅಂಗಡಿಯವರು ಹತ್ತು ಮಾತ್ರೆಯ ಹಾಳೆಯನ್ನು ಕತ್ತರಿಯಿಂದ ತುಂಡು ಮಾಡಿ ನಾಲ್ಕೋ ಆರೋ ಕೊಡುತ್ತಾರಲ್ಲ, ಅಂಥವೇ ಎಲ್ಲ. ಹೆಸರಿನ ತುದಿ ಅಂಗಡಿಯಲ್ಲೇ ಉಳಿದಿರುತ್ತದೆ. ಒಂದರ ಬೆನ್ನ ಮೇಲೆ 'ಸ್ಟಾಟಿನ್ 40' ಎಂಬ ಬಾಲ ಮಾತ್ರ ಇತ್ತು. ಡಾಕ್ಟರಮ್ಮ ಅದನ್ನೂ ಇನ್ನೊಂದು ಕ್ಯಾಪ್ಸೂಲ್ ಹಾಳೆಯನ್ನೂ ಅಕ್ಕಪಕ್ಕ ಇಟ್ಟು, "ಇವೆರಡನ್ನೂ ಒಟ್ಟಿಗೆ ಎಷ್ಟು ದಿನದಿಂದ?" ಎಂದು ಕೇಳಿದರು.

ಮೂರು ವಾರದಿಂದ.

ಮೊದಲನೆಯದು ರಕ್ತದ ಕೊಬ್ಬು ಇಳಿಸುವ ಅಟೋರ್ವಾಸ್ಟಾಟಿನ್. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದಾಗಿನಿಂದ ರಾತ್ರಿ ಹೊತ್ತು ಒಂದು. ಇನ್ನೊಂದು ಇಟ್ರಾಕೊನಜೋಲ್. ಗದ್ದೆಯಲ್ಲಿ ಒದ್ದೆ ಬಟ್ಟೆಯಲ್ಲೇ ನಿಂತು ತೊಡೆಸಂದಿಗೆ ಹಬ್ಬಿದ್ದ ಹುಳುಕಡ್ಡಿಗೆ ಚರ್ಮದ ಡಾಕ್ಟರು ಬರೆದದ್ದು. ಕೊಬ್ಬಿನ ಮಾತ್ರೆಯನ್ನು ಯಕೃತ್ತಿನ ಒಂದು ಕಿಣ್ವ ದಿನವೂ ಒಡೆದು ಹೊರಹಾಕುತ್ತದೆ. ಹುಳುಕಡ್ಡಿಯ ಮಾತ್ರೆ ಆ ಕಿಣ್ವದ ಕೈ ಕಟ್ಟುತ್ತದೆ. ನುಂಗಿದ್ದು 40 ಮಿಲಿಗ್ರಾಂ ಆದರೂ ರಕ್ತದಲ್ಲಿ ಅದರ ಪ್ರಮಾಣ ಏರುತ್ತ ಹೋಗಿ ಸ್ನಾಯುಗಳೇ ಒಡೆಯತೊಡಗಿದ್ದವು. ಒಡೆದ ಸ್ನಾಯುವಿನಿಂದ ಸೋರುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಮೂತ್ರಪಿಂಡಕ್ಕೆ ಹೋಗಿ ಅದನ್ನು ಕೆಡಿಸುತ್ತದೆ. ಟೀ ಬಣ್ಣ ಅದರದೇ. ರೋಗದ ಹೆಸರು ರ‍್ಯಾಬ್ಡೋಮಯೋಲಿಸಿಸ್. ಅಪ್ಪನ ಬಾಯಲ್ಲಿ ಅದು ಕೊನೆಯವರೆಗೂ 'ಆ ರಾಬ್ಡಿ'. ಸ್ನಾಯು ಹಾನಿಯನ್ನು ಅಳೆಯುವ ಸಿಕೆ ಪರೀಕ್ಷೆ ಸಾಮಾನ್ಯವಾಗಿ 200ರ ಆಸುಪಾಸು ಇರಬೇಕಾದದ್ದು 38,000 ಇತ್ತು.

ಆ ರಾತ್ರಿ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಓದಿದೆ. ಇದೇ ಜಾತಿಯ ಸೆರಿವಾಸ್ಟಾಟಿನ್ ಎಂಬ ಮಾತ್ರೆಯನ್ನು, ಸ್ನಾಯು ಒಡೆದು ಜನ ಸತ್ತ ಮೇಲೆ, 2001ರಲ್ಲಿ ಮಾರುಕಟ್ಟೆಯಿಂದ ವಾಪಸ್ ಪಡೆದರಂತೆ. ಸತ್ತವರಲ್ಲಿ ಹಲವರು ಅದರ ಜೊತೆಗೆ ಜೆಮ್‌ಫೈಬ್ರೊಜಿಲ್ ಎಂಬ ಇನ್ನೊಂದು ಮಾತ್ರೆಯನ್ನೂ ನುಂಗುತ್ತಿದ್ದವರು. ಅಂದರೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ನಮ್ಮ ಎರಡು ಮಾತ್ರೆಗಳನ್ನೂ ಮಾರಿದ್ದು ಒಂದೇ ಅಂಗಡಿ.

ಎರಡು ಮಾತ್ರೆಗಳನ್ನೂ ನಿಲ್ಲಿಸಿದರು. ಹಗಲೂ ರಾತ್ರಿ ಸಲೈನ್. ನರ್ಸ್ ಬಂದು ಬಂದು ಅಳತೆಯ ಜಗ್‌ನಲ್ಲಿ ಮೂತ್ರ ನೋಡಿ ಬರೆದುಕೊಂಡು ಹೋಗುತ್ತಿದ್ದರು. ಮೂರನೆಯ ದಿನ ಅಪ್ಪ ಅವರಿಗೆ 'ನೀರಗಂಟಿ' ಎಂದು ಹೆಸರಿಟ್ಟರು. "ನಾಲೆಗೆ ಬಿಟ್ಟ ನೀರೆಷ್ಟು, ತೂಬಿನಲ್ಲಿ ಹೋದದ್ದೆಷ್ಟು ಎಂದು ಈಯಮ್ಮನಿಗೆ ಲೆಕ್ಕ ಬೇಕು" ಎಂದು ನಕ್ಕಾಗ ನನಗೆ ಉಸಿರು ಬಂತು. ಡಯಾಲಿಸಿಸ್ ಬೇಕಾಗಲಿಲ್ಲ. ಒಂಬತ್ತನೆಯ ದಿನ ಗೋಡೆ ಹಿಡಿದು ಶೌಚಾಲಯಕ್ಕೆ ತಾವೇ ನಡೆದರು. ಕಬ್ಬಿನ ಗದ್ದೆಗೆ ಹೋಗಲು ನಾಲ್ಕು ತಿಂಗಳು ಹಿಡಿಯಿತು. ಹುಳುಕಡ್ಡಿಗೆ ಈಗ ಮುಲಾಮು ಮಾತ್ರ; ಅದು ಪೂರ್ತಿ ಹೋಗಿಲ್ಲ.

ಚರ್ಮದ ಡಾಕ್ಟರ ಮೇಲೆ ತಮ್ಮ ಜಗಳಕ್ಕೆ ಹೊರಟಿದ್ದ. ಅವರು ತಪ್ಪಿಲ್ಲದವರು ಎಂದು ನಾನೂ ಹೇಳುವುದಿಲ್ಲ. ಎದೆಗೆ ಸ್ಟೆಂಟ್ ಇದೆ ಎಂದು ಕೇಳಿಸಿಕೊಂಡವರು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಆದರೆ ಒಂದನ್ನಂತೂ ಕೇಳಿದ್ದರು. "ಬೇರೆ ಮಾತ್ರೆ ತೆಗೆದುಕೊಳ್ಳುತ್ತೀರಾ ಯಜಮಾನರೇ?" ಅಪ್ಪನಿಗೆ ಹೃದಯದ ಮಾತ್ರೆಗಳೆಲ್ಲವೂ ಬಿಪಿ ಮಾತ್ರೆಗಳೇ. "ಬಿಪಿ ಮಾತ್ರೆ ಒಂದು" ಎಂದರು. ಪಕ್ಕದ ಕುರ್ಚಿಯಲ್ಲಿ ನಾನು ಮಗಳ ಶಾಲೆಯಿಂದ ಬಂದ ಸಂದೇಶ ಓದುತ್ತಿದ್ದೆ. ಮಾತು ಕಿವಿಗೆ ಬಿದ್ದಿತ್ತು. ತಲೆ ಎತ್ತಲಿಲ್ಲ.

ತಮ್ಮನನ್ನು ತಡೆದೆ. ಏಕೆ ಎಂದು ಅವನಿಗೆ ಇನ್ನೂ ಹೇಳಿಲ್ಲ.