ಕುಡಿ ಚಿವುಟೋ ಕೈಗೆ ಕೂಲಿ ಎಷ್ಟು?

ಕಲಬುರಗಿ ತೊಗರಿಗೆ 2019ರಲ್ಲೇ ಜಿಐ ಟ್ಯಾಗ್ (ಆ ಊರಿನ ಬೆಳೆ ಅನ್ನೋ ಭೌಗೋಳಿಕ ಗುರುತು) ಸಿಕ್ಕಿತು. ಬಿತ್ತಿ ಸುಮಾರು 50 ದಿನಕ್ಕೆ ಹೊಲದಾಗ ಇಳಿದು ಗಿಡದ ಕುಡಿ ಚಿವುಟೋರು ಹೆಚ್ಚಾಗಿ ಹೆಣ್ಣಾಳು. ತುದಿ ಹೋದ್ರೆ ಪಕ್ಕದ ಟೊಂಗೆ ಒಡೀತಾವ, ಕಾಯಿ ಹೆಚ್ಚಾಗ್ತಾವ. ಆ ಕೆಲಸಕ್ಕೆ ಮಾತ್ರ 'ಹಗುರ ಕೆಲಸ' ಅಂತ ಹೆಸರು! ಬೆಳಗಿಂದ ಸಂಜಿತನಕ ಬಗ್ಗಿ ನಿಂತು ನೋಡ್ರಿ, ಎಷ್ಟು ಹಗುರ ಅಂತ ಗೊತ್ತಾಗ್ತದ.

"ಹೆಣ್ಣಾಳು ತಡಾಗಿ ಬರ್ತಾರ, ಅದಕ್ಕ ಕೂಲಿ ಕಡಿಮಿ" ಅಂತಾರ. ಸರಿ, ತಾಸಿನ ಲೆಕ್ಕ ಹಾಕೋಣ. ಉದಾಹರಣೆಗೆ ಗಂಡಾಳಿಗೆ 8 ತಾಸಿಗೆ 500 ಅಂದ್ರೆ ತಾಸಿಗೆ 62.50. ಹೆಣ್ಣಾಳಿಗೆ 6 ತಾಸಿಗೆ 300 ಅಂದ್ರೆ ತಾಸಿಗೆ 50. ತಾಸು ಕಡಿಮಿ ಅನ್ನೋ ನೆಪ ತೆಗೆದ ಮೇಲೂ 20% ಖೋತಾ ಉಳೀತು. ದಿನಗೂಲಿ ಅಷ್ಟೇ ಹೋಲಿಸಿದ್ರೆ ಸಮಾನ ಕೂಲಿ ಕೇಳೋರ ವಾದ ಇಲ್ಲೇ ಸೋಲ್ತದ, ಹಂಗಾಗಿ ಬಂದ ತಾಸು, ಹೋದ ತಾಸು ಎರಡೂ ಬರೆದಿಡ್ರಿ.

ಗಂಡ-ಹೆಂಡ್ತಿ ಜೋಡಿ ಗುತ್ತಿಗೆ ಹಿಡಿದಾಗ ಇನ್ನೂ ತೊಡಕು. ರೊಕ್ಕ ಒಬ್ಬರ ಕೈಗೆ ಬರ್ತದ, ಆಕಿ ಪಾಲು ಎಲ್ಲೂ ಬರೆದಿರೋದಿಲ್ಲ.

ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ. ಒಂದೇ ಥರದ ಕೆಲಸಕ್ಕ ಗಂಡಾಳು-ಹೆಣ್ಣಾಳಿಗೆ ಒಂದೇ ಕೂಲಿ ಅನ್ನೋ ಅದೇ ಮಾತು 2019ರ ವೇತನ ಸಂಹಿತೆಯಲ್ಲೂ ಅದ. ಕೆಲಸ ಒಂದೇ ಥರದ್ದೋ ಅಲ್ಲೋ ಅನ್ನಾಕ ಸಂಹಿತೆ ನೋಡೋದು ಕೌಶಲ, ಶ್ರಮ, ಅನುಭವ, ಜವಾಬ್ದಾರಿ. ಸರಿದೂಗಿಸಾಕ ಅಂತ ಗಂಡಾಳಿನ ಕೂಲಿ ಇಳಿಸೋ ಹಾಗೂ ಇಲ್ಲ. ಈ ಕಡೀ ಮಾತು ಬಹಳ ಮಂದಿಗೆ ಗೊತ್ತಿಲ್ಲ.